ಒಂದೇ ಬೆಡಗಿನ ಹೈಡ್ರೋಜನ್

‘ಆ ದಿನಗಳು’ ಎಂದು ಶುರು ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ದಿನಗಳಲ್ಲಿ ಮಳೆ ಹೇಳಿದ ಹೊತ್ತಿಗೆ ಬರುತ್ತಿತ್ತು, ಮೇಷ್ಟ್ರುಗಳು ದೇವರಂತಿದ್ದರು, ಗೆಳೆಯರು ಒಂದೇ ಪೆಪ್ಪರಮಿಂಟನ್ನು ಅಂಗಿಯ ತುದಿಯಲ್ಲಿಟ್ಟು ಕಚ್ಚಿ ಹಂಚಿಕೊಳ್ಳುತ್ತಿದ್ದರು. ಇರಬಹುದು. ನನಗೆ ನೆನಪಿರುವುದು ಬೇರೆ. ಅದೂ ಸರಿಯಾಗಿ ನೆನಪಿದೆಯೋ ಇಲ್ಲವೋ ಖಾತ್ರಿಯಿಲ್ಲ. ಊರು ಅಜ್ಜಂಪುರ, ನಾನು ಒಂಬತ್ತನೇ ಕ್ಲಾಸು, ರಾಗಿ ಕೊಯ್ಲಿನ ಕಾಲ. ಇಷ್ಟು ನಿಶ್ಚಯ. ಅಲ್ಲಿಂದ ಮುಂದೆ ಯಾರು ಯಾವ ಮಾತು ಆಡಿದರು, ಯಾರು ಯಾವುದನ್ನು ಮುರಿದರು ಎಂಬುದನ್ನು ಇಪ್ಪತ್ತೈದು ವರ್ಷಗಳಿಂದ ನಾನು ಒಂದೇ ರೀತಿ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಆ ಕತೆ ನುಣುಪಾಗಿದೆ. ನುಣುಪಾದ ಕತೆಯನ್ನು ನಾನು ನಂಬುವುದಿಲ್ಲ, ಬೇರೆಯವರದಾದರೂ ಸರಿ, ನನ್ನದಾದರೂ ಸರಿ.

ಆ ವರ್ಷ ನಮ್ಮ ಹೈಸ್ಕೂಲಿಗೆ ವಿಜ್ಞಾನದ ಮೇಷ್ಟ್ರಿರಲಿಲ್ಲ. ಇದ್ದವರಿಗೆ ವರ್ಗವಾಗಿತ್ತು, ಬರಬೇಕಾದವರು ಬಂದಿರಲಿಲ್ಲ. ದಸರಾ ರಜೆ ಮುಗಿದ ಮೇಲೆ ಪಿ.ಟಿ. ಮೇಷ್ಟ್ರು ರುದ್ರಪ್ಪನವರೇ ವಿಜ್ಞಾನದ ಪುಸ್ತಕ ಹಿಡಿದು ಕ್ಲಾಸಿಗೆ ಬಂದರು. ಕೊರಳಲ್ಲಿ ಸೀಟಿ ಹಾಗೇ ನೇತಾಡುತ್ತಿತ್ತು. ಪರಮಾಣುವಿನ ಪಾಠ. ಅರ್ಧ ಪುಟ ಓದಿದರು, ಬೆವರು ಒರೆಸಿಕೊಂಡರು, ಪುಸ್ತಕ ಮಡಚಿ “ನಡೀರೋ ಫೀಲ್ಡಿಗೆ” ಎಂದರು.

ಫೀಲ್ಡಿನಲ್ಲಿ ಹುಡುಗರನ್ನು ಎರಡು ಪಾಲು ಮಾಡಿದರು. ಹೈಡ್ರೋಜನ್ ಆದವರು ಒಂದು ಕೈಯನ್ನು ಬೆನ್ನ ಹಿಂದೆ ಚಡ್ಡಿಗೆ ಸಿಕ್ಕಿಸಿಕೊಳ್ಳಬೇಕು. ಅವರಿಗೆ ಒಂದೇ ಕೈ. ಆಕ್ಸಿಜನ್ ಆದವರಿಗೆ ಎರಡು ಕೈ. ಸೀಟಿ ಊದಿದ ಕೂಡಲೇ ಓಡಿಹೋಗಿ ಕೈ ಹಿಡಿದು ನೀರಾಗಬೇಕು. ಹುಡುಗಿಯರು ಬೇವಿನ ಮರದ ಕೆಳಗೆ ನಿಂತು ನಗುತ್ತಿದ್ದರು. ಅವರು ಯಾವ ಧಾತುವೂ ಅಲ್ಲ.

“ಕೈ ಹಿಡಿಯೋದು ಅಂದ್ರೆ ಏನ್ರೋ?” ಮೇಷ್ಟ್ರು ಕೂಗಿದರು.

“ಮದ್ವೆ ಸಾರ್!”

“ಹೂಂ. ಇದು ಧಾತುಗಳ ಮದ್ವೆ. ಪುಸ್ತಕದಾಗೆ ಇದ್ಕೇ ಸಂಯೋಗ ಅಂತಾರೆ. ತಿಳೀತಾ?”

ತಿಳಿಯಿತು. ಅಷ್ಟು ಚೆನ್ನಾಗಿ ತಿಳಿದ ಪಾಠ ಆ ವರ್ಷ ಇನ್ನೊಂದಿಲ್ಲ. ಅದೇ ತೊಂದರೆಯಾಯಿತು.

ಎರಡನೇ ಸಲ ಸೀಟಿ ಊದಿದರೆ ನೀರು ಒಡೆದು ಎಲ್ಲರೂ ಬಿಡಿಬಿಡಿಯಾಗಿ ನಿಲ್ಲಬೇಕಿತ್ತು. ನಿಂತೆವು. ಆನಂದ ಮಾತ್ರ ಪಕ್ಕದಲ್ಲಿದ್ದ ಇನ್ನೊಬ್ಬ ಹೈಡ್ರೋಜನ್ ಹುಡುಗನ ಕೈ ಹಿಡಿದು ನಿಂತುಬಿಟ್ಟ. ಆನಂದ ನನ್ನ ಬೆಂಚಿನವನು, ಲೈನ್‌ಮನ್ ಮಗ. ಅವರದು ಬೌದ್ಧರ ಮನೆ.

“ಏನೋ ಅದು, ಬಿಡೋ ಅವನ್ನ” ಎಂದರು ಮೇಷ್ಟ್ರು.

“ಹೈಡ್ರೋಜನ್ ಬಿಡಿಯಾಗಿರಲ್ಲ ಸಾರ್. ಜೋಡಿಯಾಗಿರ್ತದೆ. ಪುಸ್ತಕದಲ್ಲಿ ಎಚ್ ಕೆಳಗಡೆ ಎರಡು ಅಂತ ಹಾಕವ್ರೆ.”

ಮೇಷ್ಟ್ರು ಪುಸ್ತಕ ತೆರೆದು ನೋಡಿದರು. “ಎರಡು ಅಂದ್ರೆ ಎರಡು. ಮುಂದೆ ಬರೆದ್ರೇನು, ಕೆಳಗೆ ಬರೆದ್ರೇನು?”

“ಹಂಗಲ್ಲ ಸಾರ್...”

“ಲೇ, ಎರಡೂ ಒಂದೇ ಧಾತು ಕಣೋ. ಒಂದೇ ಬೆಡಗು. ಅಣ್ತಮ್ದಿರು ಎಲ್ಲಾದ್ರೂ ಕೈ ಹಿಡೀತಾರೇನೋ?”

ಫೀಲ್ಡಿಗೆ ಫೀಲ್ಡೇ ನಕ್ಕಿತು. ಹುಡುಗಿಯರು ಸೆರಗಿನಂತೆ ದಾವಣಿಯನ್ನು ಬಾಯಿಗೆ ಹಿಡಿದು ನಕ್ಕರು. ಆನಂದ ಹಿಡಿದಿದ್ದ ಕೈಯನ್ನು ಆ ಹುಡುಗನೇ ಕಿತ್ತುಕೊಂಡ.

ಬೆಡಗು ಅಂದರೆ ನಮ್ಮ ಕಡೆ ವಂಶದ ಹೆಸರು. ಮದುವೆ ಮಾತು ಎತ್ತಿದರೆ ಮೊದಲು ಕೇಳುವುದು ಅದನ್ನೇ. ಎರಡು ಮನೆಯದೂ ಒಂದೇ ಬೆಡಗಾದರೆ ಹುಡುಗ ಹುಡುಗಿ ಅಣ್ಣ ತಂಗಿ ಆದಂತೆ. ತಟ್ಟೆಯಲ್ಲಿಟ್ಟ ಎಲೆ ಅಡಿಕೆಯನ್ನು ಹಾಗೇ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಬೇರೆ ಬೆಡಗಿನವರು ನೆಂಟರು, ಒಂದೇ ಬೆಡಗಿನವರು ಅಣ್ತಮ್ದಿರು. ಇದನ್ನು ನಮಗೆ ಯಾರೂ ಕಲಿಸಿರಲಿಲ್ಲ. ಹಸಿವಾದರೆ ಉಣ್ಣಬೇಕು ಎಂಬುದು ಹೇಗೆ ಗೊತ್ತಿತ್ತೋ ಹಾಗೆ ಗೊತ್ತಿತ್ತು.

ಅಣ್ತಮ್ದಿರು ಕೈ ಹಿಡೀತಾರೇನೋ ಎಂಬ ಆ ಮಾತನ್ನು ಮೇಷ್ಟ್ರೇ ಆಡಿದರು ಎಂದು ಇಷ್ಟು ವರ್ಷ ಹೇಳಿದ್ದೇನೆ. ಈಗ ಅದರಲ್ಲೂ ಅನುಮಾನ. ಏಕೆಂದರೆ ನಮ್ಮ ದೊಡ್ಡಪ್ಪ ಅದನ್ನೇ ಆಡಿದ್ದೂ ಕಿವಿಯಲ್ಲಿದೆ. ದೊಡ್ಡಪ್ಪನ ಮಗನಿಗೆ ಚೌಳಹಿರಿಯೂರಿನ ಕಡೆಯಿಂದ ಬಂದ ಸಂಬಂಧ ಆ ವಾರವೇ ಬೆಡಗು ಒಂದೇ ಎಂದು ಮುರಿದಿತ್ತು. ನಮ್ಮ ಮನೆ ಅಂಗಳದಲ್ಲಿ ಕೂತು ದೊಡ್ಡಪ್ಪ ಕುಡುಗೋಲುಗಳಿಗೆ ಹಿಡಿ ಹಾಕುತ್ತಿದ್ದ. ರಾಗಿ ಕೊಯ್ಲಿಗೆ ಮುಂಚೆ ಪ್ರತಿವರ್ಷ ಅವನ ಕೆಲಸ ಅದು: ಕೆಂಡದ ಮೇಲೆ ಅರಗು ಕರಗಿಸುವುದು, ಮರದ ಹಿಡಿಯ ತೂತಿಗೆ ತುಂಬುವುದು, ಬಿಸಿ ಆರುವ ಮೊದಲೇ ಕುಡುಗೋಲಿನ ಬಾಲವನ್ನು ಒತ್ತುವುದು. ನಮ್ಮ ಬೀದಿಯಲ್ಲಿ ಅರಗು ಇಟ್ಟುಕೊಂಡಿದ್ದವನು ಅವನೊಬ್ಬನೇ. ಸುಟ್ಟ ಸಕ್ಕರೆಗೂ ಊದುಬತ್ತಿಗೂ ನಡುವಿನ ಆ ವಾಸನೆ ನಮ್ಮ ಮನೆಗೆ ವಾರಗಟ್ಟಲೆ ಅಂಟಿಕೊಂಡಿರುತ್ತಿತ್ತು.

“ಏನ್ಲೇ ಶಿವು, ಇಸ್ಕೂಲಲ್ಲಿ ಏನು ನಡೆಸವ್ರೆ?”

“ಅಣು ದೊಡ್ಡಪ್ಪ. ಪರಮಾಣು.”

“ಅಣು ಅಂದ್ರೆ ಬಾಂಬಲ್ವೇನೋ? ಪೇಪರ್ನಾಗೆ ಬಂದಿತ್ತಲ್ಲ. ಚೀಲದಾಗೆ ಇಕ್ಕೊಂಡು ಬಂದ್ಬಿಟ್ಟೀಯ, ನೋಡ್ಕೋ.”

“ಬಾಂಬಲ್ಲ. ಎಲ್ಲಾ ವಸ್ತುವೂ ಅದ್ರಿಂದಾನೇ ಆಗಿರೋದು. ಆ ಕುಡುಗೋಲೂ ಅದೇ.”

“ನೀನು ಕಂಡಿದ್ದೀಯೇನು?”

“ಇಲ್ಲ.”

“ನಿಮ್ಮ ಮೇಷ್ಟ್ರು?”

“ಇಲ್ಲ.”

“ಮತ್ತೆ ಯಾವನು ಕಂಡೋನು? ಇಬ್ರೂ ಕಾಣದೆ ಇರೋದನ್ನ ಮೂರನೇಯವನಿಗೆ ಹೇಳ್ತೀಯಲ್ಲ, ನಾಚ್ಕೆ ಆಗಲ್ವಾ?” ಎಂದು ಕುಡುಗೋಲನ್ನು ನೀರಿಗೆ ಅದ್ದಿದ. ಚುಯ್ ಎಂದಿತು.

ನಾನು ಜೋಡಿ ಹೈಡ್ರೋಜನ್ನಿನ ವಿಷಯ ಹೇಳಿದ್ದು ಆಗಲೇ. ಅವನು ಅಣ್ತಮ್ದಿರ ಮಾತು ಆಡಿದ್ದೂ ಆಗಲೇ ಇರಬೇಕು. ಅಥವಾ ಮೇಷ್ಟ್ರ ಮಾತನ್ನು ನಾನು ಅವನಿಗೆ ಹೇಳಿ ನಗಿಸಿದೆನೇನೋ. ಇಬ್ಬರೂ ಈಗಿಲ್ಲ. ಕೇಳುವ ಹಾಗಿಲ್ಲ.

ತರೀಕೆರೆಯಲ್ಲಿ ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನ ಇತ್ತು. ಆಗ ಅಜ್ಜಂಪುರ ತರೀಕೆರೆ ತಾಲ್ಲೂಕಿನಲ್ಲೇ ಇತ್ತು. ಪ್ರತಿ ಸ್ಕೂಲೂ ಒಂದು ಮಾದರಿ ಕಳಿಸಬೇಕು, ಇಬ್ಬರು ಹುಡುಗರು ಹೋಗಬೇಕು: ಒಬ್ಬ ವಿವರಿಸುವವನು, ಒಬ್ಬ ಮಾದರಿ ಹಿಡಿದು ನಿಲ್ಲುವವನು. ಆನಂದ ನೀರಿನ ಮಾದರಿ ಮಾಡುತ್ತೇನೆಂದ. ಬೇರೆ ಯಾರೂ ಬಾಯಿ ಬಿಡದ ಕಾರಣ ಮೇಷ್ಟ್ರು ಹೂಂ ಎಂದರು. ಆನಂದನಿಗೆ ಬಹುಮಾನದ ಆಸೆ ಇರಲಿಲ್ಲ. ಅವನಿಗೆ ಬೇಕಿದ್ದದ್ದು ವಿಜ್ಞಾನ ಗೊತ್ತಿರುವ ಒಬ್ಬ ದೊಡ್ಡ ಮನುಷ್ಯನ ಎದುರು ನಿಂತು ಜೋಡಿಯ ಮಾತು ಹೇಳುವುದು, ಅವರ ಬಾಯಿಂದ ಸರಿ ಅನ್ನಿಸಿಕೊಳ್ಳುವುದು. “ಒಂದು ಸಲ ಸರಿ ಅಂದ್ಬಿಟ್ರೆ ಸಾಕು ಕಣೋ, ಆಮೇಲೆ ಎಷ್ಟು ಬೇಕಾದ್ರೂ ನಗ್ಲಿ” ಎನ್ನುತ್ತಿದ್ದ.

ಮೂರು ವಾರ ಅವನು ನಮ್ಮ ತೋಟದಲ್ಲಿ ಉದುರಿದ ತೆಂಗಿನ ಹೀಚು ಆಯ್ದ. ಉದ್ದವಿದ್ದದ್ದನ್ನು ಬಿಸಾಡಿ, ದುಂಡಗಿದ್ದದ್ದನ್ನು ಒಣಗಿಸಿದ. ಹೈಡ್ರೋಜನ್‌ಗೆ ಸಣ್ಣ ಹೀಚು, ಸುಣ್ಣದ ಬಣ್ಣ. ಆಕ್ಸಿಜನ್‌ಗೆ ದಪ್ಪ ಹೀಚು, ಕೆಮ್ಮಣ್ಣಿನ ಬಣ್ಣ. ಆ ಮಣ್ಣನ್ನು ಅವರಪ್ಪ ಕೆಮ್ಮಣ್ಣುಗುಂಡಿ ಕಡೆ ಕಂಬದ ಕೆಲಸಕ್ಕೆ ಹೋದಾಗ ಪೊಟ್ಟಣ ಕಟ್ಟಿ ತಂದಿದ್ದರು. ಹೀಚಿನಿಂದ ಹೀಚಿಗೆ ತೆಂಗಿನಗರಿಯ ಕಡ್ಡಿ, ಹಲಗೆಗೆ ಬಿಗಿಯಲು ದಾರ. ಹಲಗೆಯ ಎಡಗಡೆ ಎರಡು ಜೋಡಿ ಹೈಡ್ರೋಜನ್, ಒಂದು ಜೋಡಿ ಆಕ್ಸಿಜನ್. ಬಲಗಡೆ ಎರಡು ನೀರು. ಎಡಗಡೆ ಮೂರು ಕಡ್ಡಿ, ಬಲಗಡೆ ನಾಲ್ಕು.

ನಾನು ಸಹಾಯ ಮಾಡಿದೆ. ಹಸಿ ರಾಗಿತೆನೆ ಸುಟ್ಟು, ಅಂಗೈಯಲ್ಲಿ ಉಜ್ಜಿ, ಬೆಲ್ಲ ಕೊಬ್ಬರಿ ಜೊತೆ ತಿನ್ನುತ್ತಾ ಇಬ್ಬರೂ ನಮ್ಮ ಮನೆ ಜಗಲಿಯ ಮೇಲೆ ಕೂತಿರುತ್ತಿದ್ದೆವು. ಒಳಗಿನಿಂದ ಕಾಫಿ ಬರುತ್ತಿತ್ತು. ಆನಂದನ ಲೋಟ ಜಗಲಿಯ ಗೂಡಿನಲ್ಲೇ ಇರುತ್ತಿತ್ತು, ಅವನೇ ತೆಗೆದು ಹಿಡಿಯುತ್ತಿದ್ದ, ಕುಡಿದ ಮೇಲೆ ಅವನೇ ತೊಳೆದು ಮತ್ತೆ ಗೂಡಿನಲ್ಲಿ ಬೋರಲು ಹಾಕುತ್ತಿದ್ದ. ಅದನ್ನು ನಾನು ಆಗ ಗಮನಿಸಿರಲಿಲ್ಲ ಎಂದು ಬರೆಯಲು ಹೊರಟಿದ್ದೆ. ಗಮನಿಸಿದ್ದೆ.

ಆ ಲೋಟವನ್ನೇ ಹಿಡಿದು ಅವನು ನನಗೆ ಲೆಕ್ಕ ಹೇಳಿದ.

“ಎರಡು ಲೋಟ ಹೈಡ್ರೋಜನ್, ಒಂದು ಲೋಟ ಆಕ್ಸಿಜನ್. ಸೇರಿಸಿದ್ರೆ ಎಷ್ಟು ಲೋಟ ಹಬೆ ಬರ್ತದೆ ಹೇಳು.”

“ಮೂರು.”

“ಅಲ್ಲ. ಅಳೆದು ನೋಡವ್ರಂತೆ. ಎರಡು.”

“ಬರ್ಲಿ. ಅದ್ಕೇನೀಗ?”

“ತಾಳೋ. ಯಾವ ಅನಿಲ ಆದ್ರೂ ಒಂದು ಲೋಟದಾಗೆ ನೂರು ಕಾಳು ಅಂತ ಇಟ್ಕೋ. ಆಕ್ಸಿಜನ್ ನೂರು ಕಾಳು ಇತ್ತು. ಹಬೆ ಇನ್ನೂರು ಕಾಳು ಆಯ್ತು. ಒಂದೊಂದು ಹಬೆ ಕಾಳಿಗೂ ಒಂದು ಆಕ್ಸಿಜನ್ ಬೇಕು. ನೂರಿದ್ದಿದ್ದು ಇನ್ನೂರಕ್ಕೆ ಹೆಂಗೆ ಸಾಲ್ತು?”

ನಾನು ಬೆರಳು ಮಡಚಿ ಎಣಿಸತೊಡಗಿದೆ.

“ಒಂದೊಂದು ಕಾಳೂ ಮೊದಲೇ ಜೋಡಿ ಕಣೋ! ಜೋಡಿ ಬಿಡಿಸ್ಕೊಂಡು ಇದು ಈ ಕಡೆ, ಅದು ಆ ಕಡೆ ಹೋಯ್ತು.”

ಉತ್ತರ ಇಲ್ಲದಿದ್ದಾಗ ಜಗಳ ಮಾಡುವುದು ನನ್ನ ಅಭ್ಯಾಸ, ಈಗಲೂ ಹೌದು. ಇಡೀ ಕ್ಲಾಸು ಅವನನ್ನು ‘ಅಣ್ತಮ್ಮ’ ಎಂದು ಕರೆಯಲು ಶುರು ಮಾಡಿತ್ತು. ಅವನ ಜೊತೆ ಓಡಾಡುವ ನನ್ನನ್ನೂ. “ಇನ್ನೊಬ್ಬ ಹೈಡ್ರೋಜನ್ ಬಂದ ನೋಡ್ರೋ” ಎನ್ನುತ್ತಿದ್ದರು.

“ನೀನು ಕಂಡಿದ್ದೀಯೇನೋ?” ಎಂದೆ, ದೊಡ್ಡಪ್ಪನ ಮಾತನ್ನು ಅವನ ಧಾಟಿಯಲ್ಲೇ.

“ಕಂಡಿಲ್ಲ. ಲೆಕ್ಕ ಸರಿಹೋಗ್ತದೆ.”

“ಒಂದೇ ಥರದವು ಯಾಕೆ ಅಂಟ್ಕೊಂತವೆ?”

“ಅದು ಗೊತ್ತಿಲ್ಲ ಕಣೋ. ಅಂಟ್ಕೊಂಡವೆ ಅಂತ ಮಾತ್ರ ಗೊತ್ತು.”

ಆಗ ನಾನು ಅಂದೆ. ಈ ಮಾತು ಯಾರದು ಎಂಬುದರಲ್ಲಿ ಅನುಮಾನವಿಲ್ಲ. ಅನುಮಾನ ಇದ್ದಿದ್ದರೆ ಚೆನ್ನಾಗಿತ್ತು. “ನಿಮ್ಮನೇಲಿ ಬೆಡಗು ಕೇಳಲ್ವಲ್ಲ, ಅದ್ಕೇ ನಿಂಗೆ ಯಾರಿಗೆ ಯಾರ್ನ ಬೇಕಾದ್ರೂ ಅಂಟಿಸ್ಬೋದು ಅನ್ಸುತ್ತೆ.”

ಆನಂದ ಕೈಯಲ್ಲಿದ್ದ ಲೋಟವನ್ನು ನೋಡಿದ. ಎಂದಿನಂತೆ ತೊಳೆದ. ಗೂಡಿನಲ್ಲಿ ಬೋರಲು ಹಾಕಿದ. “ನಮ್ಮಪ್ಪ ಅದ್ನೆಲ್ಲ ಬಿಟ್ಟು ಬಂದೋರು. ಗೊತ್ತಿಲ್ದೆ ಬಿಟ್ಟಿದ್ದಲ್ಲ, ಗೊತ್ತಿದ್ದೇ ಬಿಟ್ಟಿದ್ದು” ಎಂದ. “ನಾಳೆ ಹಲಗೆ ನೀನೇ ತಗೊಂಡ್ಬಾ. ಬಸ್‌ಸ್ಟ್ಯಾಂಡಿಗೆ ಬತ್ತೀನಿ.” ನಮ್ಮ ಮನೆ ಬಸ್‌ಸ್ಟ್ಯಾಂಡಿಗೆ ಹತ್ತಿರ. ಅದಕ್ಕೇ ಆ ರಾತ್ರಿ ಹಲಗೆ ನಮ್ಮ ಮನೆಯಲ್ಲಿ ಉಳಿಯಿತು.

ಇನ್ನು ಮುಂದಿನದು ನುಣುಪಾದ ಭಾಗ. ಸ್ಟಾಫ್ ರೂಮಿನಲ್ಲಿ, ಗೆಳೆಯರ ಮನೆಯಲ್ಲಿ, ಒಮ್ಮೆ ಮೈಕಿನ ಮುಂದೆಯೂ ಹೇಳಿದ್ದೇನೆ. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ರುದ್ರಪ್ಪ ಮೇಷ್ಟ್ರು ಹಲಗೆ ನೋಡಿದರು. “ಇನ್ನೂ ಈ ಅಣ್ತಮ್ದಿರ್ನ ಕಟ್ಟೇ ಹಾಕಿದ್ದೀಯೇನೋ? ತರೀಕೆರೇಲಿ ನನ್ನ ಮಾನ ಕಳೀತೀಯಾ?” ಎಂದು ಎಡಗಡೆಯ ಮೂರು ಕಡ್ಡಿಗಳನ್ನು ದಪ್ಪ ಬೆರಳಿನಿಂದ ಲಟಕ್ ಲಟಕ್ ಎಂದು ಮುರಿದರು. ಅಷ್ಟರಲ್ಲಿ ಆನಂದ ಬಂದ. ಎಣ್ಣೆ ಹಾಕಿ ತಲೆ ಬಾಚಿದ್ದ, ಇಸ್ತ್ರಿ ಅಂಗಿ ತೊಟ್ಟಿದ್ದ. ಹಲಗೆ ನೋಡಿದ. ಮೇಷ್ಟ್ರು “ಶಿವು ವಿವರ್ಸ್ತಾನೆ, ನೀನು ಹಲಗೆ ಹಿಡ್ಕೋ” ಎಂದರು. ಆನಂದ ತಿರುಗಿ ನಡೆದುಕೊಂಡು ಹೋದ. ಬಸ್ಸು ಬಂತು.

ತರೀಕೆರೆಯಲ್ಲಿ ಮೂವರು ತೀರ್ಪುಗಾರರಿದ್ದರು. ಇಬ್ಬರು ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಹೋಗಿದ್ದರು. ನನ್ನ ಮುಂದೆ ಬಂದವರು ಬಿಳಿ ಪಂಚೆಯ ಹಿರಿಯರು, ವಿಜ್ಞಾನದವರಲ್ಲ, ಕನ್ನಡ ಪಂಡಿತರು ಎಂದು ಈಗ ಅನಿಸುತ್ತದೆ. ನಾನು ಹೇಳಿದೆ: ಒಂದೇ ಧಾತುವಿನವು ಒಂದೇ ಬೆಡಗು, ಅಣ್ಣತಮ್ಮಂದಿರು, ಪಕ್ಕದಲ್ಲಿ ನಿಲ್ಲುತ್ತವೆ, ಕೈ ಹಿಡಿಯುವುದಿಲ್ಲ, ನೆಂಟರು ಬಂದಾಗ ಮಾತ್ರ ಸಂಯೋಗ. ಅವರ ಮುಖ ಅರಳಿತು. “ಭೇಷ್! ಎಂಥಾ ಹೋಲಿಕೆ ಕೊಟ್ಟೆಯಪ್ಪಾ! ಯಾರು ಹೇಳಿಕೊಟ್ಟರು?”

“ನಾನೇ ಯೋಚ್ನೆ ಮಾಡಿದ್ದು ಸಾರ್” ಎಂದೆ.

ಎರಡನೇ ಬಹುಮಾನ ಬಂತು. ಒಂದು ಸ್ಟೀಲ್ ಲೋಟ.

ಆ ಡಿಸೆಂಬರಿನಲ್ಲೇ ಆನಂದನ ಅಪ್ಪನಿಗೆ ಕಡೂರಿಗೆ ವರ್ಗವಾಯಿತು. ಅಲ್ಲಿಯವರೆಗೂ ಅವನು ಬೇರೆ ಬೆಂಚಿನಲ್ಲಿ ಕೂತ.

ಮೈಸೂರಿನಲ್ಲಿ ಎಂ.ಎಸ್ಸಿ. ಓದುವಾಗ ಒಂದು ಮಧ್ಯಾಹ್ನ ರಸಾಯನಶಾಸ್ತ್ರದ ಇತಿಹಾಸದ ತರಗತಿಯಲ್ಲಿ ನನ್ನ ಕಿವಿ ಬಿಸಿಯಾಯಿತು. ಅನಿಲದ ಕಣಗಳು ಜೋಡಿಯಾಗಿರುತ್ತವೆ ಎಂದು ಇಟಲಿಯವನೊಬ್ಬ ಲೋಟದ ಲೆಕ್ಕದಂಥದೇ ಲೆಕ್ಕ ಹಾಕಿ ಹೇಳಿದನಂತೆ. ಸುಮಾರು ಐವತ್ತು ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಾಕೆ? ಆ ಕಾಲದ ಅತಿ ದೊಡ್ಡ ರಸಾಯನಶಾಸ್ತ್ರಜ್ಞರು, ಪರಮಾಣು ಉಂಟು ಎಂದು ವಾದಿಸಿದವರೇ, ಒಂದೇ ಥರದವು ಒಂದನ್ನೊಂದು ದೂರ ತಳ್ಳುತ್ತವೆ, ಕೂಡುವುದಿಲ್ಲ ಎಂದು ನಂಬಿದ್ದರು. ಆ ನಂಬಿಕೆಯಿಂದ ಲೆಕ್ಕವೆಲ್ಲ ಕಲಸುಮೇಲೋಗರವಾಯಿತು. ನೀರಿನ ಸೂತ್ರವನ್ನೇ ಒಬ್ಬೊಬ್ಬರು ಒಂದೊಂದು ಥರ ಬರೆದರು. ಆ ಗೊಂದಲ ನೋಡಿ, ಪರಮಾಣುವೇ ಸುಳ್ಳು, ಬರೀ ಲೆಕ್ಕದ ಅನುಕೂಲಕ್ಕೆ ಇಟ್ಟ ಹೆಸರು, ಕಂಡವರು ಯಾರು ಎಂದು ಕೇಳುವವರು ಹೆಚ್ಚಾದರು. ಕೊನೆಗೆ ಸರಿ ಎಂದು ಒಪ್ಪುವ ಹೊತ್ತಿಗೆ ಹೇಳಿದವನು ತೀರಿಕೊಂಡಿದ್ದ.

ಪಕ್ಕದವನು ನಗುತ್ತಿದ್ದ. “ಎಂಥಾ ದಡ್ಡರಪ್ಪ ಇವ್ರು.” ದಡ್ಡರಲ್ಲ. ತಾವು ಬದುಕುವ ರೀತಿಯೇ ಜಗತ್ತಿನ ರೀತಿ ಎಂದುಕೊಂಡ ಬುದ್ಧಿವಂತರು. ಅಂಥವರ ಎದುರು ನಿಲ್ಲುವುದು ದಡ್ಡರ ಎದುರು ನಿಲ್ಲುವುದಕ್ಕಿಂತ ಕಷ್ಟ. ಒಂದು ಒಳ್ಳೆಯ ಹೋಲಿಕೆ ಇದ್ದರೆ ಸಾಕು, ಅವರಿಗೆ ಲೆಕ್ಕ ಬೇಕಾಗುವುದಿಲ್ಲ. ನಗು ಸಿಕ್ಕಿಬಿಟ್ಟಿರುತ್ತದೆ.

ಹೋದ ವರ್ಷ ಆನಂದನ ನಂಬರು ಸಿಕ್ಕಿತು. ಕಡೂರಿನಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬ್ ಇಟ್ಟಿದ್ದಾನೆ. ಫೋನ್ ಮಾಡಿದೆ. ಹೆಸರು ಹೇಳಿದೆ.

“ಹೇಳ್ರೀ” ಎಂದ. ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

“ಆನಂದ, ನೀನು ಹೇಳಿದ್ದೇ ಸರಿ ಕಣೋ. ಹೈಡ್ರೋಜನ್ ವಿಷಯ.”

ಆ ಕಡೆ ಯಾರೋ ರಿಪೋರ್ಟ್ ಕೇಳುತ್ತಿದ್ದರು. ಅವರಿಗೆ ಕೊಟ್ಟು ಬಂದ. “ಅದು ನಂಗೆ ಅವತ್ತೇ ಗೊತ್ತಿತ್ತಲ್ರೀ. ಅದನ್ನ ಹೇಳೋಕೆ ಫೋನ್ ಮಾಡಿದ್ರಾ?”

“ಮೇಷ್ಟ್ರು ಅವತ್ತು ಕಡ್ಡಿ ಮುರಿದದ್ದು...”

“ಮೇಷ್ಟ್ರಾ? ನಾನು ಬಸ್‌ಸ್ಟ್ಯಾಂಡಿಗೆ ಬಂದಾಗ್ಲೇ ಬಿಡಿಬಿಡಿ ಆಗಿತ್ತು. ಯಾರು ಮುರಿದ್ರು ಅಂತ ನಾನು ಕಂಡಿಲ್ಲ. ಕಾಣದೆ ಇರೋದನ್ನ ಹೇಳಲ್ಲ.”

“ಪರಮಾಣು ಕಂಡಿರ್ಲಿಲ್ಲ, ಆದ್ರೂ ಹೇಳ್ತಿದ್ದೆ” ಎಂದು ನಕ್ಕೆ. ನಗಬಾರದಿತ್ತು.

“ಅದಕ್ಕೆ ಲೋಟದ ಲೆಕ್ಕ ಇತ್ತು. ಇದಕ್ಕೆ ನನ್ನ ಹತ್ರ ಲೆಕ್ಕ ಇಲ್ಲ. ನಿಮ್ಮ ಹತ್ರ ಇದ್ರೆ ನೀವೇ ನೋಡ್ಕೊಳ್ರೀ. ಜಗ್ಲಿ ಮೇಲೆ ನೀವು ಆಡಿದ ಮಾತು ಮಾತ್ರ ಕಿವಿಯಾರೆ ಕೇಳಿದೀನಿ. ಜನ ಕಾಯ್ತಾ ಇದಾರೆ, ಇಡ್ತೀನಿ” ಎಂದ.

ಬಾಲ್ಯದಲ್ಲಿ ಕಳೆದುಕೊಂಡದ್ದನ್ನು ಅಳೆಯುವವರು ರಾಗಿತೆನೆ, ಜಗಲಿ, ಬೇವಿನ ಮರ ಎಂದು ಪಟ್ಟಿ ಮಾಡುತ್ತಾರೆ. ರಾಗಿತೆನೆ ಈಗಲೂ ಸುಡಬಹುದು. ಆ ಬೇವಿನ ಮರ ಈಗಲೂ ಅಲ್ಲೇ ಇದೆ. ನಾನು ಕಳೆದುಕೊಂಡದ್ದು ಒಬ್ಬನನ್ನು: ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ನನ್ನ ಪಕ್ಕದಲ್ಲೇ ಕೂತು, ನನ್ನನ್ನು ನಗೆಪಾಟಲು ಮಾಡದೆ ಕೇಳುತ್ತಿದ್ದವನನ್ನು. ಆಮೇಲೆ ದೊಡ್ಡ ದೊಡ್ಡ ಊರುಗಳಲ್ಲಿ ಓದಿದೆ. ಅಂಥವನು ಮತ್ತೆ ಸಿಗಲಿಲ್ಲ.

ಫೋನಿಟ್ಟ ವಾರದಲ್ಲೇ ಅಜ್ಜಂಪುರಕ್ಕೆ ಹೋದೆ. ಸ್ಕೂಲಿನ ಹಳೆಯ ವಿಜ್ಞಾನದ ಬೀರುವಿನ ಬೀಗಕ್ಕೆ ಎಣ್ಣೆ ಬಿಟ್ಟು ಜವಾನರು ತೆಗೆದುಕೊಟ್ಟರು. ಬಹುಮಾನ ಬಂದ ಹಲಗೆ ಎಂದು ಮೇಲಿನ ಖಾನೆಯಲ್ಲಿ ಇಟ್ಟಿದ್ದರು. ಹೀಚುಗಳು ಸುರುಟಿದ್ದವು. ಸುಣ್ಣ, ಕೆಮ್ಮಣ್ಣು ಬಹುಪಾಲು ಉದುರಿತ್ತು. ಎಡಗಡೆಯ ನಾಲ್ಕು ಸಣ್ಣವು, ಎರಡು ದಪ್ಪವು, ಬಿಡಿಬಿಡಿಯಾಗಿ ದಾರದಿಂದ ಹಲಗೆಗೆ ಬಿಗಿದಿದ್ದವು. ಒಂದೊಂದನ್ನೂ ತಿರುಗಿಸಿದೆ. ಒಂದೊಂದರಲ್ಲೂ ಒಂದು ತೂತು, ತೂತಿನೊಳಗೆ ಮುರಿದ ಕಡ್ಡಿಯ ತುಂಡು, ಅದರ ಮೇಲೆ ಯಾರೋ ಬಿಡುವಾಗಿ ಕೂತು ನೀಟಾಗಿ ತುಂಬಿ ಒತ್ತಿದ ಏನೋ ಕಂದು ಬಣ್ಣದ್ದು. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕಾಯುತ್ತಾ ನಿಂತವರು ಮಾಡುವ ಕೆಲಸವಲ್ಲ. ಮೇಣವೂ ಇರಬಹುದು, ಗೋಂದೂ ಇರಬಹುದು ಎಂದುಕೊಂಡೆ. ಉಗುರಿನಿಂದ ಒಂದು ಚೂರು ಕೆರೆದು, ಜವಾನರಿಂದ ಬೆಂಕಿಪೊಟ್ಟಣ ಇಸಿದುಕೊಂಡು, ಕಡ್ಡಿ ಗೀರಿ ಉರಿಗೆ ಹಿಡಿದೆ.

ಕರಗಿತು. ನಮ್ಮ ಅಂಗಳದ ವಾಸನೆ ಬಂತು. ಅರಗು.